ಓದದೆ ಬಿಟ್ಟ ಸಾಲು

ನಿನ್ನೆ ನಾಲ್ಕು ಹನಿ ಬಿದ್ದು ಬಿಸಿಲು ಬಂದ ಮೇಲೆ, ಕೆಳಗಿನ ಮನೆಯವರು ಒಂದು ಕರಿ ಕಂಬಳಿ ತಂದು ನನ್ನ ಮಹಡಿಯ ಮೋಟುಗೋಡೆಯ ಮೇಲೆ ಹರವಿ ಹೋದರು. ನೆನೆದ ಕಂಬಳಿಯ ವಾಸನೆ ನಿಮಗೆ ಗೊತ್ತಿದೆಯೇ? ಅದರಲ್ಲಿ ಕುರಿ ಇರುತ್ತದೆ, ಒಲೆಯ ಹೊಗೆ ಇರುತ್ತದೆ, ನೂಲಿಗೆ ಹಾಕಿದ ಹುಣಸೆಬೀಜದ ಗಂಜಿಯ ಹುಳಿ ಇರುತ್ತದೆ. ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ನಾನು ಮಾತ್ರ ಕುರ್ಚಿಯನ್ನು ಅದರ ಹತ್ತಿರಕ್ಕೆ ಎಳೆದುಕೊಂಡು ಕೂತೆ. ಸಾರು ಉಕ್ಕಿ ಒಲೆ ಆರಿಹೋಗುವ ತನಕ ಕೂತೇ ಇದ್ದೆ.

ಎಪ್ಪತ್ತರ ದಶಕದ ನಡುವಿನಲ್ಲಿ, ಇದೇ ಚಿತ್ರದುರ್ಗದಲ್ಲಿ, ಆ ವಾಸನೆಯ ಜೊತೆ ನಾನು ಮೂರು ವರ್ಷಕ್ಕಿಂತ ಹೆಚ್ಚು ಕಾಲ ಮಲಗಿ ಎದ್ದಿದ್ದೇನೆ. ಹೊಳಲ್ಕೆರೆಯಿಂದ ಬಿ.ಎ. ಓದಲು ಬಂದ ನನಗೆ ಅಪ್ಪ ಕೋಟೆ ಕಡೆಗೆ ಹೋಗುವ ಓಣಿಯಲ್ಲಿ ಒಂದು ಕೋಣೆ ಗೊತ್ತು ಮಾಡಿದ್ದರು. ಕೋಣೆಯಲ್ಲಿ ಇನ್ನೊಬ್ಬಳು ಹುಡುಗಿ ಇರುತ್ತಾಳೆ, ಲಾ ಓದುತ್ತಾಳೆ ಎಂದಷ್ಟೇ ಹೇಳಿದ್ದರು. ನಾನು ಬಾಗಿಲು ತಳ್ಳಿದಾಗ ಅವಳು ಕಂಬಳಿಯ ಗಂಟು ಬಿಚ್ಚಿ, ಅದರೊಳಗಿಂದ ದಪ್ಪ ಕಾಗದದ ಕಟ್ಟುಗಳನ್ನು ತೆಗೆದು ಗೋಡೆಗೆ ಒರಗಿಸಿಡುತ್ತಿದ್ದಳು. ಕಾಗದದಲ್ಲಿ ಒಂದಕ್ಷರವೂ ಇರಲಿಲ್ಲ. ಬರೀ ಚುಕ್ಕೆಗಳ ಉಬ್ಬು. ಅವಳು ನನ್ನ ಕಡೆ ಮುಖ ತಿರುಗಿಸಿದಾಗಲೇ ತಿಳಿದದ್ದು, ಕಣ್ಣು ಕಾಣುವುದಿಲ್ಲ ಎಂದು.

ಹೆಸರು ಕೆಂಚಮ್ಮ. ಹೊಸದುರ್ಗದ ಕಡೆಯ ಕುರಿ ಸಾಕುವ ಮನೆತನ. ಆರನೆಯ ವಯಸ್ಸಿನಲ್ಲಿ ದಡಾರ ಬಂದು ದೃಷ್ಟಿ ಹೋಗಿತ್ತು. ಆಮೇಲೆ ಯಾರೋ ಪುಣ್ಯಾತ್ಮ ಮೇಷ್ಟರು ದೂರದ ಊರಿನ ಶಾಲೆಗೆ ಸೇರಿಸಿದ್ದರು. ಅಲ್ಲಿ ಬ್ರೈಲ್ ಕಲಿತು, ಪದವಿ ಮುಗಿಸಿ, ಮೂರು ವರ್ಷದ ಲಾ ಓದಲು ಬಂದಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು.

ಮೊದಲ ದಿನವೇ ನಾನು ದೊಡ್ಡ ಉಪಕಾರಿಯಾಗಲು ಹೊರಟೆ. ಅವಳು ಬಚ್ಚಲಿಗೆ ಹೋಗಲು ಎದ್ದಳು. ನಾನು ಓಡಿ ಹೋಗಿ ಅವಳ ಕೈ ಹಿಡಿದು ಎಳೆದುಕೊಂಡು ನಡೆದೆ.

"ಕೈ ಬಿಡೇ," ಎಂದಳು ಕೆಂಚಮ್ಮ. "ನೀನು ನನ್ ಕೈ ಹಿಡಿದ್ರೆ ನಾನು ನಿನ್ ಹಿಂದ್ಹಿಂದೆ ಬರ್ಬೇಕಾಗ್ತೈತೆ. ನಾನೇ ನಿನ್ ಮೊಣಕೈ ಹಿಡ್ಕಂತೀನಿ. ಆವಾಗ ಇಬ್ರೂ ಹೋಗಾಣ."

ಅದರಲ್ಲೇನು ವ್ಯತ್ಯಾಸ ಎಂದು ನನಗಾಗ ಹೊಳೆಯಲಿಲ್ಲ. ಕೊಬ್ಬಿನ ಹುಡುಗಿ ಎಂದುಕೊಂಡೆ.

ದಿನಾ ಸಂಜೆ ಎರಡು ಗಂಟೆ ನಾನು ಅವಳಿಗೆ ಪುಸ್ತಕ ಓದಿ ಹೇಳಬೇಕು ಎಂದು ಒಪ್ಪಂದವಾಯಿತು. ಬದಲಿಗೆ ಅವಳು ನನಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದಳು. ಶಾಲೆಯಲ್ಲಿ ಪ್ರಾರ್ಥನೆ ಹಾಡಿ ಹೆಸರು ತೆಗೆದುಕೊಂಡವಳು ನಾನು. ನನ್ನ ದನಿಯ ಮೇಲೆ ನನಗೇ ತುಂಬ ಪ್ರೀತಿ. ಕರಾರು ಕಾಯಿದೆಯ ಪುಸ್ತಕವನ್ನು ರಾಗವಾಗಿ, ಏರಿಳಿತ ಕೊಟ್ಟು ಓದುತ್ತಿದ್ದೆ. ಅವಳು ಹಲಗೆಯ ಮೇಲೆ ಕಾಗದ ಇಟ್ಟು ಮೊನೆಯ ಕಡ್ಡಿಯಿಂದ ಟಕಟಕ ಚುಚ್ಚುತ್ತ ಬರೆದುಕೊಳ್ಳುವಳು. ನಡುನಡುವೆ ಕಡ್ಡಿ ನಿಲ್ಲಿಸಿ, "ಲೇ, ಇದು ಹರಿಕಥೆ ಅಲ್ಲ ಕಣೇ. ಕಾಮಾ ಎಲ್ಲೈತೆ ಹೇಳು," ಎನ್ನುವಳು.

ನನ್ನ ಇಂಗ್ಲಿಷ್ ಉಚ್ಚಾರಣೆಯಿಂದ ಅವಳಿಗಾದ ಅವಮಾನ ಒಂದೆರಡಲ್ಲ. ಸಾಕ್ಷಿಯನ್ನು ಕೋರ್ಟಿಗೆ ಕರೆಸುವ ಆಜ್ಞೆಗೆ 'ಸಪೀನಾ' ಎನ್ನುವ ಬದಲು 'ಸಬ್‌ಪೊಯೆನಾ' ಎಂದು ಹೇಳಿಕೊಟ್ಟಿದ್ದೆ, ಇದ್ದ ಅಕ್ಷರಗಳನ್ನೆಲ್ಲ ಪ್ರಾಮಾಣಿಕವಾಗಿ ಉಚ್ಚರಿಸಿ. ಅವಳು ತರಗತಿಯಲ್ಲಿ ಎದ್ದು ನಿಂತು ಹಾಗೇ ಹೇಳಿದಾಗ ಇಡೀ ಕೋಣೆ ನಕ್ಕಿತಂತೆ. ಮನೆಗೆ ಬಂದು ಬೈಯುತ್ತಾಳೆ ಎಂದುಕೊಂಡಿದ್ದೆ. "ನಕ್ಕರೆ ನಗ್ಲಿ ಬಿಡು," ಎಂದಳು. "ಇನ್ಮ್ಯಾಲೆ ಸಂಶಯ ಬಂದ್ರೆ ಅಕ್ಷರ ಅಕ್ಷರ ಬಿಡ್ಸಿ ಹೇಳು. ಓದೋದಷ್ಟೇ ನಿನ್ ಕೆಲ್ಸ. ಸರಿನೋ ತಪ್ಪೋ ನಾನ್ ನೋಡ್ಕಂತೀನಿ."

ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಅವಳ ಎರಡನೆಯ ವರ್ಷದ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಪರೀಕ್ಷೆಯಲ್ಲಿ ಅವಳು ಉತ್ತರ ಹೇಳುವುದು, ನಾನು ಪಕ್ಕದಲ್ಲಿ ಕೂತು ಬರೆಯುವುದು ಎಂದು ಹಿಂದಿನ ವರ್ಷದಿಂದಲೂ ನಡೆದು ಬಂದಿತ್ತು. ಲಾ ಕಾಲೇಜಿನ ಫಲಕದ ಮೇಲೆ ಹೊಸ ನೋಟೀಸು ಬಂದಿದೆ, ನೋಡಿಕೊಂಡು ಬಾ ಎಂದಳು. ನಾನು ಹೋಗಿ ಇಡೀ ನೋಟೀಸನ್ನು ಒಂದು ಕಾಗದಕ್ಕೆ ಇಳಿಸಿಕೊಂಡು ಬಂದೆ. ಅದರ ಕೊನೆಗೆ ಆ ವರ್ಷವೇ ಹೊಸದಾಗಿ ಸೇರಿಸಿದ ಒಂದು ಸಾಲಿತ್ತು. ಕುರುಡರು ಮತ್ತು ಅಂಥ ಇತರ ನ್ಯೂನತೆ ಉಳ್ಳವರು ತಮ್ಮ ಮನಸ್ಸು ಸ್ವಸ್ಥವಾಗಿದೆ ಎಂದು ವೈದ್ಯರಿಂದ ಬರೆಸಿದ ಪತ್ರವನ್ನು ಒಂದು ತಿಂಗಳು ಮುಂಚೆ ಸಲ್ಲಿಸಬೇಕು. ಇಲ್ಲವಾದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ನಾನು ಕೋಣೆಗೆ ಬಂದಾಗ ಕೆಂಚಮ್ಮ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಬಿಚ್ಚಿಕೊಂಡು ನನಗಾಗಿ ಕಾಯುತ್ತಿದ್ದಳು. ಆ ದಿನ ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ಹನ್ನೆರಡು ಜನ ಹುಡುಗರನ್ನು ಸೋಲಿಸಿ ಬಂದಿದ್ದಳು. ಯಾವ ಹುಡುಗ ಎಲ್ಲಿ ತಡವರಿಸಿದ ಎಂದು ಅವರವರ ದನಿಯಲ್ಲೇ ಮಾಡಿ ತೋರಿಸಿದಳು. ನಾನು ನಕ್ಕೆ. ಆಮೇಲೆ, "ನೋಟೀಸು ಓದು," ಎಂದಳು. ಓದಿದೆ. ಕೊನೆಯ ಸಾಲಿಗೆ ಬಂದೆ. ಎದುರಿಗೆ ಅವಳ ಮುಖ, ತುಟಿಯ ಅಂಚಿನಲ್ಲಿ ಮಂಡಕ್ಕಿಯ ಅರಿಶಿನ. ಕಾಗದ ಮಡಿಚಿಟ್ಟೆ.

"ಅಷ್ಟೇನಾ?" ಎಂದಳು.

"ಅಷ್ಟೇ," ಎಂದೆ.

ನಾಳೆ ಹೇಳಿದರಾಯಿತು, ನಾನೇ ಯಾರಾದರೂ ಡಾಕ್ಟರ ಹತ್ತಿರ ಮೆಲ್ಲಗೆ ಪತ್ರ ಬರೆಸಿ ತಂದರಾಯಿತು ಎಂದು ಲೆಕ್ಕ ಹಾಕಿದ್ದೆ. ಒಬ್ಬ ಡಾಕ್ಟರ ಬಳಿ ಹೋದೆ ಕೂಡ. ಅವರು, "ಆಕೆಯನ್ನೇ ಕರ್ಕೊಂಡು ಬನ್ನಿ," ಎಂದು ಕಳಿಸಿದರು. ಹೇಗೆ ಕರೆದುಕೊಂಡು ಹೋಗಲಿ? ನಾಳೆ, ನಾಡಿದ್ದು ಎನ್ನುತ್ತ ತಿಂಗಳು ಕಳೆಯಿತು. ಪರೀಕ್ಷಾ ಕೋಣೆಯಲ್ಲಿ ಯಾರು ಕೇಳುತ್ತಾರೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಕೇಳಿದರು. ಬಾಗಿಲಲ್ಲೇ ಮೇಲ್ವಿಚಾರಕರು ತಡೆದು, "ಡಾಕ್ಟರ್ ಸರ್ಟಿಫಿಕೇಟ್ ಎಲ್ಲಮ್ಮ?" ಎಂದರು.

"ಯಾವ್ ಸರ್ಟಿಫಿಕೇಟ್ ಸಾರ್?"

"ನೋಟೀಸಿನಲ್ಲಿ ಹಾಕಿತ್ತಲ್ಲ, ಈ ಸಲದಿಂದ ಬೇಕು ಅಂತ."

"ಇಲ್ಲ ಸಾರ್, ಹಾಕಿರ್ಲಿಲ್ಲ. ನನ್ನ ಗೆಳತಿ ಪೂರ್ತಿ ಓದಿ ಹೇಳವಳೆ. ಬೇಕಾದ್ರೆ ಇವಳ್ನೇ ಕೇಳ್ರಿ."

ಅವರು ನನ್ನ ಮುಖ ನೋಡಿದರು. ನಾನು ಹೌದು ಎಂದು ತಲೆಯಾಡಿಸಿದೆ. ನನ್ನ ಬದುಕಿನಲ್ಲಿ ಬಾಯಿ ಬಿಡದೆ ಹೇಳಿದ ಅತಿ ದೊಡ್ಡ ಸುಳ್ಳು ಅದು. ಕೆಂಚಮ್ಮನಿಗೆ ಕಾಣಲಿಲ್ಲ, ನಾನು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲವಲ್ಲ ಎಂದು ಆ ಕ್ಷಣಕ್ಕೂ ಒಂದು ನೆಪ ಹುಡುಕಿಕೊಂಡೆ. ಮೇಲ್ವಿಚಾರಕರು ಒಳ್ಳೆಯವರೇ, ಪಾಪ, ಕೈ ಹಿಸುಕಿಕೊಂಡರು. ನಿಯಮ ನಿಯಮವೇ. ಒಳಗೆ ಗಂಟೆ ಹೊಡೆಯಿತು. ನಾವಿಬ್ಬರೂ ಹೊರಗಿನ ಬೇವಿನ ಮರದ ಕೆಳಗೆ ನಿಂತಿದ್ದೆವು.

ಕೋಣೆಗೆ ಬಂದವಳೇ ಕೆಂಚಮ್ಮ ವಿಶ್ವವಿದ್ಯಾಲಯಕ್ಕೆ ಹೀಗೆಂದು ದೂರು ಬರೆಸಿದಳು: ನೋಟೀಸು ಹಾಕಿದಾಗ ಆ ಸಾಲು ಇರಲಿಲ್ಲ. ಕಾಲೇಜಿನ ಗುಮಾಸ್ತರು ಆಮೇಲೆ ಸೇರಿಸಿದ್ದಾರೆ. ಅವರ ಮೇಲೆ ಕ್ರಮ ತೆಗೆದುಕೊಳ್ಳಬೇಕು. ನಾನು ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ. ಆ ಗುಮಾಸ್ತರು ನಮಗೆ ಗೊತ್ತಿದ್ದವರು. ಮೂರು ಹೆಣ್ಣುಮಕ್ಕಳ ತಂದೆ, ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಎಲ್ಲರನ್ನೂ 'ತಾಯಿ' ಎನ್ನುವವರು. ಅದು ತುರ್ತುಪರಿಸ್ಥಿತಿಯ ಕಾಲ. ಗೋಡೆಗಳ ಮೇಲೆಲ್ಲ ಶಿಸ್ತಿನ ಮಾತು. ಸಣ್ಣ ದೂರಿಗೂ ಗುಮಾಸ್ತನಂಥವನ ಕೆಲಸ ಹೋಗಬಹುದಾಗಿತ್ತು. ಕೆಂಚಮ್ಮ ಹೆಬ್ಬೆರಳು ಒತ್ತಲಿಲ್ಲ, ಸಹಿಯನ್ನೇ ಹಾಕಿದಳು. ಅಳತೆಪಟ್ಟಿ ಆನಿಸಿಕೊಂಡು ಸಹಿ ಹಾಕಲು ಕಲಿತಿದ್ದಳು. "ನಾಳೆ ಅಂಚೆಗೆ ಹಾಕು," ಎಂದು ಹೇಳಿ ಊರಿನ ಬಸ್ಸು ಹತ್ತಿದಳು.

ಲಕೋಟೆ ಎಂಟು ದಿನ ನನ್ನ ಟ್ರಂಕಿನಲ್ಲಿತ್ತು. ದಾರಿಯಲ್ಲಿ ಸಿಕ್ಕಾಗಲೆಲ್ಲ ಗುಮಾಸ್ತರು, "ತಾಯಿ, ನಿಮ್ಮ ಗೆಳತಿಗೆ ಹಿಂಗಾಗಬಾರ್ದಿತ್ತು," ಎಂದು ಲೊಚಗುಟ್ಟುವರು. ಒಂಬತ್ತನೆಯ ದಿನ ನಾನೂ ಹೊಸದುರ್ಗದ ಬಸ್ಸು ಹತ್ತಿದೆ.

ಹೊಸದುರ್ಗದಿಂದ ಇನ್ನೊಂದು ಬಸ್ಸು, ಹಾಲುರಾಮೇಶ್ವರದ ಆಚೆ ಇಳಿದು ಒಂದು ಗಂಟೆಯ ನಡಿಗೆ. ಊರು ತಲುಪುವಾಗ ಕುರಿಗಳು ಮೇದು ಹಿಂತಿರುಗುವ ಹೊತ್ತು. ಮುಳ್ಳುಬೇಲಿಯ ಕುರಿ ರೊಪ್ಪದ ಬಾಗಿಲಲ್ಲಿ ಕೆಂಚಮ್ಮನ ಅಪ್ಪ ನಿಂತಿದ್ದರು, ಹೆಗಲ ಮೇಲೆ ಕಂಬಳಿ. "ದುರ್ಗದಾಗಿಂದ ಬಂದ್ಯೇನವ್ವ? ಬಾ, ಕುಂತ್ಕ. ನಮ್ ಕೆಂಚಿಗೆ ಈಗ ಕೆಲ್ಸದ ಹೊತ್ತು," ಎಂದರು.

ಒಳಗೆ ನಾನು ಕಂಡದ್ದನ್ನು ಹೇಗೆ ಹೇಳಲಿ? ದಿನವಿಡೀ ತಾಯಿಯಿಲ್ಲದೆ ಇದ್ದ ಮರಿಗಳು ಒಂದೇ ಸಮ ಅರಚುತ್ತಿವೆ, ಹೊರಗೆ ಕುರಿಗಳೂ ಅರಚುತ್ತಿವೆ. ಆ ಗದ್ದಲದ ನಡುವೆ ಕೆಂಚಮ್ಮ ಮಂಡಿಯೂರಿ ಕೂತು ಒಂದೊಂದೇ ಮರಿಯನ್ನು ಎತ್ತಿ, ಕಿವಿ ಸವರಿ, ನೆತ್ತಿ ಮೂಸಿ, ಅದರ ತಾಯಿಯ ದನಿ ಎಲ್ಲಿದೆ ಎಂದು ಆಲಿಸಿ, ಅಲ್ಲಿಗೇ ಒಯ್ದು ಬಿಡುತ್ತಿದ್ದಳು. ಒಂದೂ ತಪ್ಪಲಿಲ್ಲ. ದುರ್ಗದಲ್ಲಿ ಬೀದಿ ದಾಟುವಾಗ ಹತ್ತು ಜನ 'ಅಯ್ಯೋ ಪಾಪ' ಎನ್ನುವ ಹುಡುಗಿ ಇವಳೇನಾ ಎಂದುಕೊಂಡೆ.

"ಬಂದವಳು ನೀನೇ ಅಲ್ವಾ? ಚಪ್ಲಿ ಸದ್ದು ಗೊತ್ತಾತು," ಎಂದಳು.

"ಕೆಂಚಿ, ಅರ್ಜಿ ಹಾಕಿಲ್ಲ."

"ಯಾಕೆ?"

"ಅದರಲ್ಲಿರೋದು ಸುಳ್ಳು. ಸಾಲು ಮೊದಲಿಂದ್ಲೂ ಇತ್ತು. ನಾನೇ ಓದ್ಲಿಲ್ಲ."

ಅವಳ ಕೈಯಲ್ಲಿ ಒಂದು ಮರಿ ಇತ್ತು. ಅದನ್ನು ತಾಯಿಯ ಹತ್ತಿರ ಬಿಟ್ಟಳು. ಇನ್ನೂ ನಾಲ್ಕು ಮರಿ ಉಳಿದಿದ್ದವು. ಅವನ್ನೂ ಒಂದೊಂದಾಗಿ ಬಿಟ್ಟಳು. ಆಮೇಲೆ ಕೈ ಒರೆಸಿಕೊಂಡು, "ಈಗ ಓದು," ಎಂದಳು.

ಕಾಗದ ಬೇಕಿರಲಿಲ್ಲ, ನನಗದು ಬಾಯಿಪಾಠವಾಗಿತ್ತು. ಹೇಳಿದೆ. 'ಮನಸ್ಸು ಸ್ವಸ್ಥವಾಗಿದೆ ಎಂದು' ಎನ್ನುವಲ್ಲಿ ಅವಳ ಹುಬ್ಬು ಒಮ್ಮೆ ಅಲುಗಿತು, ಅಷ್ಟೇ.

"ಯಾಕ್ ಬಿಟ್ಟೆ?"

"ನಿಂಗೆ ನೋವಾಗ್ತದೆ ಅಂತ."

"ಆ ಬೈಗುಳ ಬಂದಿದ್ದು ನಂಗೆ," ಎಂದಳು ಕೆಂಚಮ್ಮ. ದನಿ ಏರಿಸಲಿಲ್ಲ. "ನೀನ್ಯಾಕೆ ಇಸ್ಕಂಡು ಮುಚ್ಚಿಟ್ಕಂಡೆ? ನನ್ ಕೈಗೆ ಕೊಟ್ಟಿದ್ರೆ ಅವತ್ತೇ ಜಗಳ ಆಡ್ತಿದ್ದೆ. ಇಲ್ಲಾ ಹೋಗಿ ಪತ್ರ ತರ್ತಿದ್ದೆ. ಇಲ್ಲಾ ಅತ್ತು ಸುಮ್ನಾಗ್ತಿದ್ದೆ. ಯಾವ್ದೋ ಒಂದು ನಾನು ಮಾಡ್ತಿದ್ದೆ."

ಎದ್ದು ರೊಪ್ಪದ ಬಾಗಿಲು ಹಾಕಲು ಹೋದಳು. ರಾತ್ರಿ ಮುದ್ದೆಯ ತಟ್ಟೆಯ ಮುಂದೆ ಕೂತು ನಾನು ಅಳುತ್ತಿದ್ದಾಗ ಅವಳ ಅಪ್ಪನೇ ಮಾತು ತೆಗೆದರು. "ಅಳಬ್ಯಾಡ ತಾಯಿ. ನಾನೂ ಅದೇ ಕೆಲ್ಸ ಮಾಡ್ದೋನೇ. ಕಣ್ಣು ಹೋದಾಗ ಊರೋರೆಲ್ಲ ಕೂರ್ಸಿ ಉಣ್ಣಾಕಿಕ್ಕು ಅಂದ್ರು. ಒಂದು ವರ್ಷ ಕೂರ್ಸೇ ಇಕ್ಕಿದೆ. ಒಂದಿನ ಇವಳೇ, 'ಅಪ್ಪಾ, ಎಲ್ರಿಗೂ ಕೆಲ್ಸ ಹೇಳ್ತೀಯ, ನಾನೇನು ತಪ್ಪು ಮಾಡಿದೀನಿ?' ಅಂದ್ಲು. ಮರಿ ಬಿಡೋ ಕೆಲ್ಸ ಕೊಟ್ಟೆ. ಅವಳು ಬಾಯಿಬಿಟ್ಟು ಕೇಳಾಗಂಟ ನಂಗೆ ಹೊಳೀಲೇ ಇಲ್ಲ ನೋಡವ್ವ."

ಬೆಳಗ್ಗೆ ಕೆಂಚಮ್ಮ ನನ್ನನ್ನು ತಟ್ಟಿ ಎಬ್ಬಿಸಿದಳು. "ಹಳೇ ಅರ್ಜಿ ಹರಿದಾಕು. ಹೊಸದು ಬರಿ."

ಹೊಸ ಅರ್ಜಿಯಲ್ಲಿ ಗುಮಾಸ್ತರ ಸುದ್ದಿ ಇರಲಿಲ್ಲ. ನನ್ನ ಸುದ್ದಿ ಇತ್ತು. 'ನೋಟೀಸನ್ನು ನನ್ನ ಗೆಳತಿ ನನಗೆ ಓದಿ ಹೇಳಿದಳು. ಒಂದು ಸಾಲನ್ನು ಕನಿಕರದಿಂದ ಬಿಟ್ಟಳು.' ನನ್ನ ತಪ್ಪನ್ನು ನನ್ನ ಕೈಯಿಂದಲೇ ಬರೆಸುತ್ತಿದ್ದಾಳಲ್ಲ ಎಂದು ನನಗೆ ಸಂಕಟ. "ಅದನ್ನ ಬಿಟ್ಟುಬಿಡೇ," ಎಂದೆ.

"ಮತ್ತೆ ಬಿಡ್ತೀಯಾ?" ಎಂದು ನಕ್ಕಳು. ನಾನು ಬಂದ ಮೇಲೆ ಮೊದಲ ನಗು. "ಹೆಸ್ರು ಹಾಕ್ಸಲ್ಲ. ಆದ್ರೆ ಕನಿಕರ ಇರ್ಲಿ. ನನ್ ಕಡೆ ಸಾಕ್ಷಿನೇ ಅದು."

ಆಮೇಲೆ ಬರೆಸಿದ್ದು ಹೀಗಿತ್ತು. ಗೋಡೆಗೆ ಅಂಟಿಸಿದ ಕಾಗದ ಕಣ್ಣಿದ್ದವರಿಗೆ ಮಾತ್ರ ನೋಟೀಸು. ನನಗೆ ಸಂಬಂಧಪಟ್ಟ ನಿಯಮ ನನಗೆ ತಿಳಿಯುವುದು ಇನ್ನೊಬ್ಬರ ದಯೆಯ ಮೇಲೆ ನಿಂತಿದ್ದರೆ, ಅದನ್ನು ನನಗೆ ತಿಳಿಸಿದಂತಾಗಲಿಲ್ಲ. ಇನ್ನು ಆ ಸಾಲು: ಕಣ್ಣು ಕಾಣದಿರುವುದಕ್ಕೂ ಬುದ್ಧಿ ಕೆಡುವುದಕ್ಕೂ ಸಂಬಂಧವಿದೆ ಎಂದು ತೀರ್ಮಾನಿಸಿದವರು ಯಾರು? ತೀರ್ಮಾನಿಸುವ ಮುಂಚೆ ನಮ್ಮಲ್ಲಿ ಒಬ್ಬರನ್ನಾದರೂ ಕೇಳಿದ್ದರೇ? ಕುರಿಗಳ ಗದ್ದಲದಲ್ಲಿ, ನುಗ್ಗೆಮರದ ಕೆಳಗೆ, ಇಪ್ಪತ್ತನಾಲ್ಕು ವರ್ಷದ ಹುಡುಗಿಯೊಬ್ಬಳು ಇದನ್ನು ಹೇಳುತ್ತ ಹೋದಳು. ಮುಂದೆ ಅವಳು ಬರೆದ ದಪ್ಪ ದಪ್ಪ ಪುಸ್ತಕಗಳನ್ನು ಬಿಡಿಸಿ ನೋಡಿದಾಗಲೆಲ್ಲ ನನಗೆ ಈ ಎರಡು ಪುಟದ ಅರ್ಜಿಯೇ ಕಂಡಿದೆ.

ತಿಂಗಳಾದ ಮೇಲೆ ವಿಶ್ವವಿದ್ಯಾಲಯದಿಂದ ಕರೆ ಬಂತು. ಇಬ್ಬರೂ ಹೋದೆವು. ದೊಡ್ಡ ಮೇಜಿನ ಹಿಂದಿನ ಅಧಿಕಾರಿ ವಯಸ್ಸಾದವರು, ಮೆದು ಮಾತಿನವರು. ಅವರು ಮಾತಾಡಿದ್ದೆಲ್ಲ ನನ್ನೊಡನೆ. "ಇವರು ಊಟ ತಿಂಡಿ ಎಲ್ಲ ತಾವೇ ಮಾಡ್ಕೋತಾರಾ?" ಎಂದು ನನ್ನನ್ನು ಕೇಳಿದರು. ಕೆಂಚಮ್ಮ, "ಮಾಡ್ಕಂತೀನಿ ಸಾರ್. ನೀವು?" ಎಂದಳು. ನನಗೆ ಕುರ್ಚಿಯೊಳಗೇ ಇಳಿದುಹೋಗುವಂತಾಯಿತು.

ಅವರು ಕೋಪ ಮಾಡಿಕೊಳ್ಳಲಿಲ್ಲ. "ನೋಡಮ್ಮ, ನಿನ್ನಂಥ ಹುಡುಗಿಯನ್ನ ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ. ವಿಶೇಷ ವಿನಾಯಿತಿ ಅಂತ ಬರೆದುಕೊಡ್ತೀನಿ. ಅಕ್ಟೋಬರ್ ಪರೀಕ್ಷೆಗೆ ಕೂತುಬಿಡು. ಪತ್ರ ಗಿತ್ರ ಏನೂ ಬೇಡ," ಎಂದರು.

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಒಪ್ಪಿಕೋ ಎಂದು.

"ನಂಗೆ ವಿನಾಯಿತಿ ಬ್ಯಾಡ ಸಾರ್," ಎಂದಳು. "ಆ ಸಾಲು ತೆಗೀರಿ."

"ಅದು ಸಮಿತಿಯಲ್ಲಿ ಆಗಬೇಕು. ಈ ವರ್ಷ ಆಗಲ್ಲ."

"ಆಗ್ಲಿ ಸಾರ್. ಮುಂದಿನ ವರ್ಷ ಬರ್ತೀನಿ."

ಹಿಂತಿರುಗುವ ಬಸ್ಸಿನಲ್ಲಿ ನಾನೇ ಜಗಳ ತೆಗೆದೆ. ಸಿಕ್ಕಿದ್ದನ್ನು ಬಿಟ್ಟೆಯಲ್ಲ, ಒಂದು ವರ್ಷ ಹಾಳು ಮಾಡಿಕೊಂಡೆಯಲ್ಲ, ಇದೆಂಥ ಹಟ ಎಂದೆಲ್ಲ ಅಂದೆ. ಹಿರಿಯೂರು ದಾಟುವ ತನಕ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಅವ್ರು ಕೊಟ್ಟಿದ್ದು ನನ್ ಮೇಲಿನ ಕರುಣೆ. ಅದು ನನ್ ಜತೆಗೇ ಮುಗಿದೋಗ್ತೈತೆ. ಮುಂದಿನ್ ವರ್ಷ ಇನ್ನೊಬ್ಳು ಬರ್ತಾಳಲ್ಲ, ಅವಳಿಗೆ ಮತ್ತೆ ಅದೇ ಸಾಲು. ಅವಳ ಗೆಳತಿ ನಿನ್ನಷ್ಟು ಪೆದ್ದಿ ಆಗಿರಲ್ಲ, ಓದೇಬಿಡ್ತಾಳೆ." ಸ್ವಲ್ಪ ಹೊತ್ತಾದ ಮೇಲೆ, "ನಂಗೂ ಭಯ ಐತೆ ಕಣೇ," ಎಂದು ಕಿಟಕಿಯ ಕಡೆ ತಿರುಗಿಕೊಂಡಳು. ಬೆರಳುಗಳು ಸೀರೆಯ ಅಂಚನ್ನು ಮಡಿಸುತ್ತ ಬಿಡಿಸುತ್ತ ಇದ್ದವು.

ಆ ವರ್ಷ ಹೋಯಿತು. ಕಾಲೇಜಿನಲ್ಲಿ ಅವಳ ಬೆನ್ನ ಹಿಂದೆ ಆಡಿಕೊಂಡವರೇ ಹೆಚ್ಚು. ನಾನು ಬಿ.ಎ. ಮುಗಿಸಿ, ಟೈಪಿಂಗ್ ಕಲಿಯುವ ನೆಪ ಹೇಳಿ ದುರ್ಗದಲ್ಲೇ ಉಳಿದೆ. ಮುಂದಿನ ವರ್ಷದ ನೋಟೀಸು ಬಂದ ದಿನ, ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡ ಅದೇ ಗುಮಾಸ್ತರು ನಮ್ಮ ಓಣಿಗೆ ನಡೆದು ಬಂದರು. ಕಣ್ಣು ಕಾಣದ ಅಭ್ಯರ್ಥಿಗಳಿಗೆ ನಿಯಮಗಳನ್ನು ಖುದ್ದಾಗಿ ಓದಿ ಹೇಳಿ ಸಹಿ ಪಡೆಯಬೇಕು ಎಂದು ಆದೇಶವಾಗಿತ್ತು. ಅವರು ಹೊಸ್ತಿಲ ಮೇಲೆ ನಿಂತು, ಕಾಮಾ ಫುಲ್‌ಸ್ಟಾಪುಗಳ ಸಮೇತ, ಇಡೀ ನೋಟೀಸು ಓದಿದರು. ಆ ಸಾಲು ಇರಲಿಲ್ಲ. ಕೆಂಚಮ್ಮ ಇನ್ನೊಮ್ಮೆ ಓದಿಸಿದಳು. ಆಮೇಲೆ, "ಒಳಗ್ ಬರ್ರಿ, ಕುಂತ್ಕಳ್ರಿ, ಕಾಫಿ ಕುಡೀರಿ," ಎಂದಳು. ಪರೀಕ್ಷೆಯಲ್ಲಿ ಅವಳ ಪಕ್ಕ ಕೂತು ಬರೆದವಳು ನಾನೇ. ಬೇರೆ ಯಾರನ್ನಾದರೂ ನೋಡಿಕೋ ಎಂದಿದ್ದೆ. "ಒಂದ್ಸಲ ಬಿಟ್ಟವಳು ಇನ್ನು ಬಿಡಲ್ಲ," ಎಂದಿದ್ದಳು.

ಮುಂದಿನದು ಊರಿಗೆಲ್ಲ ಗೊತ್ತಿರುವ ಸಂಗತಿ. ಬೆಂಗಳೂರಿನಲ್ಲಿ ಮೇಲಿನ ಓದು, ಕಾನೂನಿನ ಪಾಠ ಹೇಳುವ ಕೆಲಸ, ಪುಸ್ತಕಗಳು, ಸರ್ಕಾರದ ಸಮಿತಿಗಳು. ಕಿವುಡ ಹೆಂಗಸಿಗೆ ಆಪರೇಷನ್ ಮಾಡುವಾಗ ಅವಳನ್ನು ಕೇಳದೆ ಅವಳ ಅಣ್ಣನ ಸಹಿ ತೆಗೆದುಕೊಳ್ಳುವುದು ಸರಿಯೇ, ಬುದ್ಧಿ ಬೆಳೆದಿಲ್ಲ ಎನ್ನಿಸಿಕೊಂಡವನ ಇಷ್ಟವನ್ನು ಕೋರ್ಟು ಹೇಗೆ ತಿಳಿದುಕೊಳ್ಳಬೇಕು, ಇಂಥವೇ ಅವಳ ಪ್ರಶ್ನೆಗಳು. ಅಂಗವಿಕಲರ ಹಕ್ಕಿನ ನಿಯಮಗಳ ಕರಡು ತಯಾರಾಗುವಾಗ ಅವಳು ಸಭೆಯಲ್ಲಿ ಕೇಳುತ್ತಿದ್ದದ್ದು ಒಂದೇ ಅಂತೆ: ಇದು ಯಾರಿಗಾಗಿಯೋ ಅವರಿಗೆ ಓದಿ ಹೇಳಿದ್ದೀರಾ? ಒಮ್ಮೆ ದುರ್ಗದಲ್ಲಿ ಅವಳ ಭಾಷಣಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ನೋಟೀಸಿನ ಕಥೆ ಹೇಳಿದಳು. 'ಆ ಗೆಳತಿ' ಎಂದಾಗ ಜನ ನಕ್ಕರು. ನಾನೂ ನಕ್ಕೆ, ಯಾರೋ ಬೇರೆಯವಳು ಎನ್ನುವ ಹಾಗೆ.

ನಾನು ಶಾಲೆಯಲ್ಲಿ ಪಾಠ ಹೇಳಿ, ಮದುವೆಯಾಗಿ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ, ಹೋದ ವರ್ಷ ಗಂಡನನ್ನು ಕಳೆದುಕೊಂಡೆ. ತಿಥಿ ಮುಗಿದ ಮೇಲೆ ಹೊಳಲ್ಕೆರೆಯ ಮನೆಯ ನಡುಮನೆಯಲ್ಲಿ ನನ್ನ ತಮ್ಮಂದಿರು, ಮಗ, ಮಗಳು ಕೂತು ನನ್ನನ್ನು ಎಲ್ಲಿ ಇರಿಸಬೇಕು ಎಂದು ಮಾತಾಡುತ್ತಿದ್ದರು. ಆರು ತಿಂಗಳು ಮಗನ ಹತ್ತಿರ, ಆರು ತಿಂಗಳು ಮಗಳ ಹತ್ತಿರ. ಎಲ್ಲರೂ ನನ್ನ ಮೇಲೆ ಪ್ರಾಣ ಇಟ್ಟವರೇ. ನಾನು ಎಲ್ಲರಿಗೂ ಕಾಫಿ ತಂದು ಕೊಟ್ಟು ಗೋಡೆಗೆ ಒರಗಿ ಕೂತಿದ್ದೆ. ಸಾವಿಗೆ ಬರಲಾಗದ ಕೆಂಚಮ್ಮ ಅಂದು ಬಂದಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಮಂಡಿ ಹಿಡಿದುಕೊಂಡಿದೆ. ಅವಳು ಲೋಟ ಕೆಳಗಿಟ್ಟು, "ಇವಳ್ನ ಕೇಳಿದ್ರೇನಪ್ಪ?" ಎಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಯಾರೂ ಕೇಳಿರಲಿಲ್ಲ ಎನ್ನುವುದಿರಲಿ, ನಾನೇ ನನ್ನನ್ನು ಕೇಳಿಕೊಂಡಿರಲಿಲ್ಲ. "ಮೂರು ದಿನ ಟೈಮ್ ಕೊಡಿ," ಎಂದೆ. ಮೂರನೆಯ ದಿನ, ದುರ್ಗದಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದು ಇರುತ್ತೇನೆ, ನಿಮ್ಮಗಳ ಮನೆಗೆ ಬೇಕೆನ್ನಿಸಿದಾಗ ಬರುತ್ತೇನೆ ಎಂದು ಹೇಳಿದೆ. ಮಗ ಮುಖ ಊದಿಸಿಕೊಂಡ. ಆದರೂ ಸಾಮಾನು ಸಾಗಿಸಲು ಅವನೇ ಬಂದ.

ಇವತ್ತು ಬೆಳಗ್ಗೆ ಅವನ ಫೋನು. ಮಹಡಿ ಮೆಟ್ಟಿಲಿಗೆ ಕಂಬಿ ಹಾಕಿಸಬೇಕಂತೆ. ಹಿಂದೆಲ್ಲ ಆಗಿದ್ದರೆ ಆಳನ್ನೇ ಕಳಿಸಿಬಿಡುತ್ತಿದ್ದ. ಈ ಸಲ ಸ್ವಲ್ಪ ತಡೆದು, "ನಿನಗೆ ಏನನ್ನಿಸುತ್ತಮ್ಮ?" ಎಂದ.

ನಿಜ ಹೇಳಬೇಕೆಂದರೆ ಆ ಕಂಬಿಯ ವಿಷಯದಲ್ಲಿ ನನಗೆ ಏನೂ ಅನ್ನಿಸಿರಲಿಲ್ಲ. ಆದರೂ ಕೇಳಿದನಲ್ಲ ಎಂದು, "ಯೋಚನೆ ಮಾಡಿ ಸಂಜೆ ಹೇಳ್ತೀನಪ್ಪ," ಎಂದೆ.